ಮುಸುರೆ ಡ್ರಮ್ಮಿನಲ್ಲಿ ಬರುವ ಜ್ವರ

ರಾತ್ರಿ ಹತ್ತೂವರೆ ದಾಟಿದ ಮೇಲೆ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಖಾನಾವಳಿ, ಮಿಲ್ಟ್ರಿ ಹೋಟೆಲ್‌ಗಳ ಹಿಂಬಾಗಿಲಿಗೆ ಲಗೇಜ್ ಆಟೋ ಬಂದು ನಿಲ್ಲುತ್ತದೆ. ಅದರಲ್ಲಿ ನಾಲ್ಕೈದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮಿಕ್ಕ ಅನ್ನ, ಹಳಸಿದ ಸಾರು, ಅರ್ಧ ಮುರಿದ ರೊಟ್ಟಿ, ಈರುಳ್ಳಿ ಸಿಪ್ಪೆ, ಮೂಳೆ, ಮಾಂಸ ತೊಳೆದ ನೀರು ಎಲ್ಲವೂ ಒಂದೇ ಡ್ರಮ್ಮಿಗೆ. ನಮ್ಮ ಕಡೆ ಇದಕ್ಕೆ ಮುಸುರೆ ಅಂತಾರೆ. ಬೆಳಕು ಹರಿಯುವಷ್ಟರಲ್ಲಿ ಅದು ಊರಾಚೆಯ ದೊಡ್ಡಿಗಳಿಗೆ ಹೋಗಿ ಹಂದಿಗಳ ಹೊಟ್ಟೆ ಸೇರಿರುತ್ತದೆ.

ಈ ಏರ್ಪಾಡು ನನಗೇನೋ ಇಷ್ಟವೇ. ಊರಿನ ಕಸ ಕರಗುತ್ತದೆ, ಸಾಕುವವರಿಗೆ ಮೇವಿನ ಖರ್ಚು ಉಳಿಯುತ್ತದೆ. ಸುತ್ತ ಎತ್ತ ನೋಡಿದರೂ ಮೆಕ್ಕೆಜೋಳ ಬೆಳೆಯುವ ಸೀಮೆ ನಮ್ಮದು, ನಿಜ. ಆದರೆ ಮಾರುಕಟ್ಟೆ ದರ ಕೊಟ್ಟು ಅದನ್ನೇ ತಿನ್ನಿಸಿದರೆ ಹಂದಿ ಮಾರಿದಾಗ ಕೈಗೆ ಏನೂ ದಕ್ಕುವುದಿಲ್ಲ. ತೊಂದರೆ ಇಷ್ಟೇ: ಹಂದಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಒಂದು ವೈರಸ್ಸು ಸಮುದ್ರ ದಾಟಿ ಬಂದದ್ದೂ ಇಂಥದೇ ಮುಸುರೆಯಲ್ಲಿ.

ಅದರ ಹೆಸರು ಆಫ್ರಿಕನ್ ಹಂದಿ ಜ್ವರ. ಹೆಸರು ಕೇಳಿದ ಕೂಡಲೇ 2009ರ ಮಾಸ್ಕು ನೆನಪಾದರೆ ಅದು ಬೇರೆ. ಆಗ ನಮಗೆ ಬಂದದ್ದು ಎಚ್1ಎನ್1, ಮನುಷ್ಯರಿಂದ ಮನುಷ್ಯರಿಗೆ ಹರಡುವ ಫ್ಲೂ. ಪತ್ರಿಕೆಗಳು ಅದನ್ನೂ ಹಂದಿಜ್ವರ ಎಂದೇ ಬರೆದವು, ಗೊಂದಲ ಇವತ್ತಿಗೂ ಹೋಗಿಲ್ಲ. ಆಫ್ರಿಕನ್ ಹಂದಿ ಜ್ವರ ಮನುಷ್ಯರಿಗೆ ತಗಲುವುದೇ ಇಲ್ಲ. ದನ, ಕುರಿ, ನಾಯಿಗೂ ಇಲ್ಲ. ಹಂದಿ, ಕಾಡುಹಂದಿ, ಅಷ್ಟೇ.

ಇದನ್ನು ಮೊದಲು ವಿವರಿಸಿದ್ದು ಕೀನ್ಯಾದಲ್ಲಿ, 1921ರಲ್ಲಿ. ಯುರೋಪಿನಿಂದ ತಂದು ಸಾಕಿದ್ದ ಹಂದಿಗಳು ಅಲ್ಲಿ ಸಾಲುಸಾಲಾಗಿ ಸತ್ತಿದ್ದವು. ಮುಖದ ತುಂಬ ಗಂಟುಗಳಿರುವ ಅಲ್ಲಿನ ಕಾಡುಹಂದಿ ವಾರ್ಟ್‌ಹಾಗ್‌ಗೆ ಮಾತ್ರ ಏನೂ ಆಗುವುದಿಲ್ಲ. ಅದರ ಬಿಲದಲ್ಲಿರುವ ಒಂದು ಜಾತಿಯ ಉಣ್ಣೆಯೊಳಗೆ ವೈರಸ್ಸು ವರ್ಷಗಟ್ಟಲೆ ಬದುಕಿರುತ್ತದೆ. (ಉಣ್ಣೆ ಅಂದರೆ ಚಳ್ಳಕೆರೆಯ ಕಂಬಳಿಯದ್ದಲ್ಲ, ರಕ್ತ ಹೀರುವ ಉಣುಗು.) 1957ರಲ್ಲಿ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, ಉಣುಗು ಹರಡುವ ಇನ್ನೊಂದು ರೋಗವಾದ ಮಂಗನ ಕಾಯಿಲೆ ಪತ್ತೆಯಾಯಿತು. ಅದೇ ವರ್ಷ ಈ ಹಂದಿ ಜ್ವರ ಆಫ್ರಿಕ ಬಿಟ್ಟು ಪೋರ್ಚುಗಲ್‌ನ ಲಿಸ್ಬನ್ ಮುಟ್ಟಿತು. ಹೋದದ್ದು ಉಣುಗಿನ ಮೂಲಕವಲ್ಲ, ವಿಮಾನದ ಊಟದ ಉಳಿಕೆಯ ಮೂಲಕ. ವಿಮಾನ ನಿಲ್ದಾಣದ ಹತ್ತಿರದ ಹಂದಿಗಳಿಗೆ ಅದನ್ನು ತಿನ್ನಿಸಿದ್ದರು. ಆ ಸಲ ಹೇಗೋ ತಡೆದರು. 1960ರಲ್ಲಿ ಮತ್ತೆ ಬಂದದ್ದು ಸ್ಪೇನ್, ಪೋರ್ಚುಗಲ್‌ಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಬೇರುಬಿಟ್ಟಿತು.

ಎರಡನೇ ದೊಡ್ಡ ಜಿಗಿತ 2007ರಲ್ಲಿ, ಜಾರ್ಜಿಯಾ ದೇಶಕ್ಕೆ. ಪೋತಿ ಬಂದರಿಗೆ ಬಂದ ಹಡಗಿನ ಅಡುಗೆಮನೆ ಕಸದಿಂದ ಬಂದಿರಬೇಕು ಎಂಬುದು ತಜ್ಞರ ತರ್ಕ. ಅಲ್ಲಿಂದ ರಷ್ಯಾ, ಪೂರ್ವ ಯುರೋಪು; 2018ರ ಆಗಸ್ಟ್‌ನಲ್ಲಿ ಚೀನಾ. ಜಗತ್ತಿನ ಸಾಕುಹಂದಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಇದ್ದ ದೇಶ ಅದು. 2020ರಲ್ಲಿ ಅಸ್ಸಾಂ, ಅರುಣಾಚಲ. 2022ರ ಜುಲೈನಲ್ಲಿ ಕೇರಳದ ವಯನಾಡು, ಅಂದರೆ ನಮ್ಮ ಗಡಿಯ ಬಾಗಿಲಿಗೆ.

ಇಷ್ಟು ದೂರ ಬಂದ ವೈರಸ್ಸು ಗಾಳಿಯಲ್ಲಿ ಹಾರಿಕೊಂಡು ಊರೂರು ಸುತ್ತುತ್ತದೆ ಎಂದುಕೊಂಡರೆ ತಪ್ಪು. ಕಾಲುಬಾಯಿ ರೋಗದ ವೈರಸ್ಸಿನಂತೆ ಗಾಳಿಯಲ್ಲಿ ಮೈಲುಗಟ್ಟಲೆ ಹೋಗುವ ತಾಕತ್ತು ಇದಕ್ಕಿಲ್ಲ. ಇದರ ಜೀವವೆಲ್ಲ ರಕ್ತದಲ್ಲಿ. ಹಂದಿಯ ಮೈಗೆ ನುಗ್ಗಿದ ವೈರಸ್ಸು ಮೊದಲು ಹಿಡಿಯುವುದು ಮ್ಯಾಕ್ರೋಫೇಜ್‌ಗಳನ್ನು, ಅಂದರೆ ರೋಗಾಣುಗಳನ್ನು ನುಂಗಿ ಹಾಕುವ ಕಾವಲು ಕೋಶಗಳನ್ನು. ಕಳ್ಳ ಪೊಲೀಸ್ ಠಾಣೆಯಲ್ಲೇ ಬಿಡಾರ ಹೂಡಿದ ಹಾಗೆ. ಕೋವಿಡ್ ವೈರಸ್ಸಿನ ಆನುವಂಶಿಕ ಬರಹ ಸುಮಾರು 30 ಸಾವಿರ ಅಕ್ಷರಗಳಷ್ಟಾದರೆ, ಇದರದ್ದು 1.7 ಲಕ್ಷಕ್ಕೂ ಹೆಚ್ಚು. ಕಾವಲನ್ನು ಯಾಮಾರಿಸುವ ಪ್ರೋಟೀನುಗಳ ವಿವರವೇ ಅದರಲ್ಲಿ ಬೇಕಾದಷ್ಟಿದೆ. ರಕ್ತನಾಳಗಳು ಸೋರತೊಡಗುತ್ತವೆ, ಗುಲ್ಮ ಊದಿ ಕಪ್ಪಾಗುತ್ತದೆ, ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತೀವ್ರ ತಳಿಯಾದರೆ ನೂರಕ್ಕೆ ನೂರು ಹಂದಿಗಳು ಸತ್ತರೂ ಆಶ್ಚರ್ಯವಿಲ್ಲ.

ಕಿವಿ, ಹೊಟ್ಟೆ ಕೆಂಪಾಗಿ ಆಮೇಲೆ ನೀಲಿಗಟ್ಟುತ್ತವೆ ಎಂದು ಎಲ್ಲ ಕೈಪಿಡಿಗಳೂ ಚಿತ್ರ ಹಾಕಿ ತೋರಿಸುತ್ತವೆ. ಚಿತ್ರದಲ್ಲಿರುವುದು ಬಿಳಿ ಯಾರ್ಕ್‌ಶೈರ್ ಹಂದಿ. ನಮ್ಮ ನಾಟಿ ಹಂದಿ ಕಡುಕಪ್ಪು. ಅದರ ಚರ್ಮದ ಮೇಲೆ ಕೆಂಪು ಎಲ್ಲಿ ಕಂಡೀತು? ಸಾಕುವವರಿಗೆ ಗೊತ್ತಾಗುವುದು ಬೇರೆ ಗುರುತಿನಿಂದ: ಮುಸುರೆ ಸುರಿದರೂ ಎದ್ದು ಬಾರದೆ, ಒಂದರ ಮೇಲೊಂದು ಒರಗಿ ಮೂಲೆಯಲ್ಲಿ ಬಿದ್ದಿರುವ ಹಂದಿ.

ಊರಾಚೆ ಮೂವತ್ತು-ನಲವತ್ತು ಹಂದಿ ಸಾಕಿರುವ ಯಜಮಾನರೊಬ್ಬರನ್ನು ಕೇಳಿದೆ, ‘ಒಂದು ಹಂದಿ ಹಿಂಗೆ ಸತ್ರೆ ಏನ್ ಮಾಡ್ತೀರಿ?’

‘ಏನ್ ಮಾಡಾದು ಸಾರ್, ಉಳಿದವನ್ನ ಲಗೂನ ಮಾರಿಬಿಡಾದು. ಸತ್ತ ಮೇಲೆ ಯಾರ್ ಕೊಡ್ತಾರೆ ರೊಕ್ಕ?’

ನನ್ನ ಪ್ರಕಾರ ರೋಗದ ಹರಡುವಿಕೆಯ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ. ವೈರಸ್ಸು ಮೈಸೇರಿ ಜ್ವರ ಕಾಣಿಸಲು 4ರಿಂದ 19 ದಿನ ಹಿಡಿಯಬಹುದು. ಒಂದೇ ದೊಡ್ಡಿಯಲ್ಲೂ ಅದು ಕಾಡ್ಗಿಚ್ಚಿನಂತೆ ಹಬ್ಬುವುದಿಲ್ಲ. ಒಂದು ಸಾಯುತ್ತದೆ, ನಾಲ್ಕಾರು ದಿನ ಏನೂ ಇಲ್ಲ, ಉಳಿದವು ಗಟ್ಟಿಮುಟ್ಟಾಗಿಯೇ ಕಾಣುತ್ತವೆ. ಆ ಬಿಡುವಿನಲ್ಲೇ ಅವು ಟಾಟಾ ಏಸ್ ಹತ್ತಿ ಹರಿಹರಕ್ಕೋ ಹಿರಿಯೂರಿಗೋ ಹೊರಡುತ್ತವೆ. ಕೊಯ್ದ ಮಾಂಸದಲ್ಲಿ ವೈರಸ್ಸು ಸಾಯುವುದಿಲ್ಲ. ಫ್ರೀಜರಿನಲ್ಲಿಟ್ಟರೆ ವರ್ಷಗಟ್ಟಲೆ, ಉಪ್ಪು ಹಾಕಿ ಒಣಗಿಸಿದರೂ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಮಾಂಸ ತೊಳೆದ ನೀರು ಮತ್ತೆ ಡ್ರಮ್ಮಿಗೆ. ಸತ್ತದ್ದನ್ನು ಹಳ್ಳಕ್ಕೆ ಎಸೆದರೆ ಬೀದಿಹಂದಿಗಳು ಅದಕ್ಕೆ ಬಾಯಿ ಹಾಕುತ್ತವೆ, ಇಲ್ಲವೇ ಜೋಗಿಮಟ್ಟಿಯಂಥ ಕಾಡಿನ ಅಂಚಾದರೆ ಕಾಡುಹಂದಿಗಳು. ಊರಿನಲ್ಲಿ ಹಂದಿ ಕಾಟ ಹೆಚ್ಚಾಯಿತೆಂದು ಹಿಡಿದು, ಲಾರಿಗೆ ತುಂಬಿ, ಇನ್ನೊಂದೂರಿನ ಹೊರಗೆ ಇಳಿಸಿ ಬರುವ ಜಾಣತನವೂ ಉಂಟಲ್ಲ, ವೈರಸ್ಸಿಗೆ ಅದು ಬಿಟ್ಟಿ ಬಸ್ ಪಾಸು.

ಲಸಿಕೆ? ನಮ್ಮಲ್ಲಿ ಮೊದಲಿಂದಲೂ ಇರುವ ಇನ್ನೊಂದು ಹಂದಿ ಜ್ವರಕ್ಕೆ, ಪಶುವೈದ್ಯರು ಕ್ಲಾಸಿಕಲ್ ಎನ್ನುವುದಕ್ಕೆ, ಒಳ್ಳೆಯ ಲಸಿಕೆ ಇದೆ. ಆದರೆ ಅದು ಈ ಆಫ್ರಿಕನ್ ಜ್ವರವನ್ನು ತಡೆಯುವುದಿಲ್ಲ. ವಿಯೆಟ್ನಾಂ 2023ರಲ್ಲಿ ಇದಕ್ಕೆಂದೇ ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆಗೆ ಅನುಮತಿ ಕೊಟ್ಟಿತು. ಆ ವೈರಸ್ಸು ಮತ್ತೆ ಬಲಿತರೆ ಏನು ಗತಿ ಎಂಬ ಅಳುಕಿನಿಂದ ಬೇರೆ ದೇಶಗಳು ಕಾದು ನೋಡಿದವು. ಹಾಗಾಗಿ ರೋಗ ದೃಢಪಟ್ಟರೆ ನಮ್ಮ ನಿಯಮದಂತೆ ಉಳಿದಿರುವುದು ಒಂದೇ ದಾರಿ: ಸುತ್ತ 1 ಕಿಲೋಮೀಟರಿನ ಹಂದಿಗಳನ್ನು ಕೊಂದು ಸುಣ್ಣ ಹಾಕಿ ಹೂಳುವುದು, 10 ಕಿಲೋಮೀಟರ್ ತನಕ ನಿಗಾ ಇಡುವುದು. ಪರಿಹಾರಧನ ಉಂಟು. ಅದು ಬೇಗ ಕೈಸೇರುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ಯಜಮಾನರು ಟಾಟಾ ಏಸ್ ಬದಲು ಪಶುವೈದ್ಯರಿಗೆ ಫೋನ್ ಮಾಡಿಯಾರು.

ಮುಸುರೆಯನ್ನು ತೊಳಸುತ್ತಾ 90 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ವೈರಸ್ಸು ಸಾಯುತ್ತದೆ. ಕೇಳಲು ಸುಲಭ. ‘ದಿನಾ ನಾಲ್ಕ್ ಡ್ರಮ್ ಕುದಿಸಾಕೆ ಸೌದೆ ಎಲ್ಲಿಂದ ತರ್ಲಿ?’ ಅಂದರು ಯಜಮಾನರು. ನನ್ನ ಬಳಿ ಉತ್ತರ ಇರಲಿಲ್ಲ. ಬೆಣ್ಣೆದೋಸೆ ಹೋಟೆಲಿನ ಚಟ್ನಿಯಲ್ಲಿ ಈ ವೈರಸ್ಸು ಇರಲು ಸಾಧ್ಯವೇ ಇಲ್ಲ, ಹಂದಿಮಾಂಸ ತಾಗಿದ ಮುಸುರೆಯಷ್ಟೇ ಅಪಾಯ. ಅದೊಂದಕ್ಕೆ ಹೋಟೆಲಿನಲ್ಲೇ ಬೇರೆ ಡ್ರಮ್ ಇಟ್ಟರೆ ಕುದಿಸಬೇಕಾದದ್ದು ಒಂದು ಬಕೆಟ್ಟಿಗೆ ಇಳಿದೀತು ಎಂದೆ. ‘ಹೋಟೆಲ್‌ನೋರಿಗೆ ಯಾರ್ ಹೇಳ್ಬೇಕು?’ ಎಂದು ನಕ್ಕರು.

ಹಾಗಂತ ಅವರು ಕೈಕಟ್ಟಿ ಕೂತವರಲ್ಲ. ದೊಡ್ಡಿಯ ಗೇಟಿನ ಬಳಿ ಒಡಕು ಟಬ್ಬಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿತ್ತು, ಪಕ್ಕದಲ್ಲಿ ಒಳಗೆ ಓಡಾಡಲೆಂದೇ ಇಟ್ಟ ಎರಡು ಜೊತೆ ರಬ್ಬರ್ ಚಪ್ಪಲಿ. ಪಶು ಆಸ್ಪತ್ರೆಯಲ್ಲಿ ಹೇಳಿಕೊಟ್ಟದ್ದಂತೆ. ‘ಕಾಲು ಅದ್ದಿ ಬನ್ನಿ ಸಾರ್’ ಅಂದರು, ಅದ್ದಿದೆ. ನಾನು ಚಪ್ಪಲಿ ಬದಲಿಸುತ್ತಿದ್ದಾಗಲೇ ಹಿಂದಿನಿಂದ ಹಾರ್ನ್ ಕೇಳಿಸಿತು. ಯಜಮಾನರು ಟಬ್ಬನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ ಗೇಟು ತೆರೆದರು. ಐದು ಡ್ರಮ್ಮು ಹೇರಿಕೊಂಡ ಆಟೋ ದಾರಿಯುದ್ದಕ್ಕೂ ತುಳುಕಿಸುತ್ತಾ ನೇರ ಒಳಗೆ ಹೋಯಿತು.