ಎಷ್ಟು ದೊಡ್ಡದು ಅಂತ ಮೊದಲೇ ಗೊತ್ತಿರಬೇಕು

‘ಇದಕ್ಕಿಂತ ದೊಡ್ಡದಿರಲ್ಲ ಅನ್ನೋದೂ ಒಂದು ಉತ್ತರವಾ?’ ಎಂದು ಮೂಗು ಮುರಿಯುವವರಿದ್ದಾರೆ. ಉತ್ತರವೇ. ಕೆಲವು ಸಲ ಅದಿಲ್ಲದೆ ನಿಖರ ಉತ್ತರ ಸಿಗುವುದೇ ಇಲ್ಲ.

ಮಾಡ್ಯುಲರ್ ಬಹುಪದೋಕ್ತಿಗಳನ್ನೇ ನೋಡಿ. ಪ್ರತಿ ಎಲಿಪ್ಟಿಕ್ ಕರ್ವ್‌ಗೂ (ಒಂದು ಬಗೆಯ ಘನ ಸಮೀಕರಣದ ವಕ್ರರೇಖೆ) ‘ಜೆ’ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಎರಡು ಕರ್ವ್‌ಗಳ ಜೆ ಹಾಕಿದಾಗ ಬಹುಪದೋಕ್ತಿಯ ಬೆಲೆ ಸೊನ್ನೆ ಬಂದರೆ ಅವುಗಳ ನಡುವೆ ಒಂದು ಬಗೆಯ ನಂಟಿದೆ ಎಂದರ್ಥ. ಪ್ರತಿ ಅವಿಭಾಜ್ಯ ಸಂಖ್ಯೆಗೂ ಇಂಥ ಒಂದು ಬಹುಪದೋಕ್ತಿ. 2ಕ್ಕೆ ಸೇರಿದ ಪುಟಾಣಿಯಲ್ಲೇ -157464000000000 ಕೂತಿದೆ! (54000ರ ಘನ, ಮುಂದೆ ಋಣ ಚಿಹ್ನೆ.) 1009ಕ್ಕೆ ಹೋದರೆ ಹುಡುಕಬೇಕಾದ ಸಹಗುಣಕಗಳೇ (ಬಹುಪದೋಕ್ತಿಯ ಪದಗಳ ಮುಂದಿರುವ ಸಂಖ್ಯೆಗಳು) ಐದು ಲಕ್ಷ ದಾಟುತ್ತವೆ.

ಒಂದೊಂದು ಸಹಗುಣಕವನ್ನೂ ಶೇಷಗಳಿಂದ, ಅಂದರೆ ಸಣ್ಣ ಸಂಖ್ಯೆಗಳಿಂದ ಭಾಗಿಸಿದಾಗ ಉಳಿಯುವುದರಿಂದ, ಕಟ್ಟಬಹುದು. ಒಂದು ರಾಶಿ ಅಡಿಕೆ ಇದೆ ಅನ್ನಿ. ಮೂರು ಮೂರಾಗಿ ಎಣಿಸಿದರೆ 1 ಉಳಿಯುತ್ತದೆ, ಐದೈದಾಗಿ 2, ಏಳೇಳಾಗಿ 3. ಎಷ್ಟಿವೆ? 52. ಆದರೆ 157 ಕೂಡ ಆಗಬಹುದು, 262 ಕೂಡ. ರಾಶಿ 105ಕ್ಕಿಂತ ಚಿಕ್ಕದು ಅಂತ ಗೊತ್ತಿದ್ದರೆ ಮಾತ್ರ 52 ಗಟ್ಟಿ. ಹಳೇ ಸ್ಕೂಟರಿನ ಐದಂಕಿ ಮೀಟರ್ 23,000 ತೋರಿಸಿದರೆ ಓಡಿದ್ದು 23,000ವೋ, 1,23,000ವೋ? ಅದೇ ತಾಪತ್ರಯ.

ಶೇಷದಿಂದ ಸಂಖ್ಯೆ ಹುಡುಕುವ ಕುಟ್ಟಕದ ಲೆಕ್ಕ ನಮ್ಮಲ್ಲಿ ಹಳೆಯದು. ಆರ್ಯಭಟ ಮಾಡಿದ, ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯ ಬೆಳೆಸಿದ. ಹಾಗಂತ ‘ಎಲ್ಲಾ ನಮ್ಮವರಿಗೆ ಗೊತ್ತಿತ್ತು’ ಅಂತ ಶುರು ಮಾಡಬೇಡಿ. ಮಾಡ್ಯುಲರ್ ಬಹುಪದೋಕ್ತಿ ಅವರಿಗೆ ಗೊತ್ತಿರಲಿಲ್ಲ.

ಎಷ್ಟು ಶೇಷ ಸಾಕು? ಭಾಜಕಗಳ ಗುಣಲಬ್ಧ ಅತಿ ದೊಡ್ಡ ಸಹಗುಣಕದ ಎರಡು ಪಟ್ಟು ದಾಟಬೇಕು (ಋಣ ಸಂಖ್ಯೆಗಳೂ ಇವೆಯಲ್ಲ). ಆದರೆ ಅತಿ ದೊಡ್ಡದು ಯಾವುದು ಅಂತಲೇ ಗೊತ್ತಿಲ್ಲ! ಅದಕ್ಕೇ ಮೇಲ್ಮಿತಿ ಬೇಕು, ಅದೇ ‘ಇದಕ್ಕಿಂತ ದೊಡ್ಡದಿರಲ್ಲ’ ಅನ್ನೋ ಗೆರೆ.

1984ರಲ್ಲಿ ಗಣಿತಜ್ಞೆ ಪೌಲಾ ಕೋಹೆನ್ ಸಹಗುಣಕಗಳ ಬೆಳವಣಿಗೆಯ ಗತಿ ಹಿಡಿದರು: ಅವಿಭಾಜ್ಯ ಸಂಖ್ಯೆಯನ್ನು ಅದರದೇ ಸ್ವಾಭಾವಿಕ ಲಾಗ್‌ನಿಂದ ಗುಣಿಸಿ, ಮತ್ತೆ 6ರಿಂದ ಗುಣಿಸಿ; ಅತಿ ದೊಡ್ಡ ಸಹಗುಣಕದ ಲಾಗ್ ಹೆಚ್ಚುಕಮ್ಮಿ ಅಷ್ಟು. ಆ ಹೆಚ್ಚುಕಮ್ಮಿ ಎಷ್ಟು? ಆ ಅವಿಭಾಜ್ಯ ಸಂಖ್ಯೆಯ ಒಂದಿಷ್ಟು ಪಟ್ಟು. ಅಡುಗೆ ಪುಸ್ತಕದ ‘ಉಪ್ಪು ರುಚಿಗೆ ತಕ್ಕಷ್ಟು’ ಇದ್ದ ಹಾಗೆ. ಅಜ್ಜಿಗೆ ಸಾಕು, ಕಂಪ್ಯೂಟರಿಗೆ ಸಾಲದು. 2010ರಲ್ಲಿ ಗಣಿತಜ್ಞರಾದ ಬ್ರೋಕರ್ ಮತ್ತು ಸದರ್ಲೆಂಡ್ ಉಪ್ಪನ್ನು ಅಳೆದುಕೊಟ್ಟರು: ಆ ಅವಿಭಾಜ್ಯ ಸಂಖ್ಯೆಯ 18 ಪಟ್ಟು ಸೇರಿಸಿ, ಲಾಗ್ ಅದನ್ನು ದಾಟುವುದಿಲ್ಲ.

2ಕ್ಕೆ ಹಾಕಿ ನೋಡಿದೆ. ಮೇಲ್ಮಿತಿ 20 ಅಂಕಿ ಅನ್ನುತ್ತದೆ, ನಿಜಕ್ಕೆ ಇರುವುದು 15. ಸ್ವಲ್ಪ ಧಾರಾಳ ಕೈ, ಆದರೆ ನಷ್ಟ ನಾಲ್ಕಾರು ಶೇಷ ಜಾಸ್ತಿ ಹುಡುಕುವ ಕೆಲಸವಷ್ಟೇ. 1009ಕ್ಕೆ ಹಾಕಿದರೆ ಸುಮಾರು 26,000 ಅಂಕಿ. ಬ್ರೋಕರ್, ಸದರ್ಲೆಂಡ್ ಇಬ್ಬರೂ ಗಣಿತಜ್ಞೆ ಕ್ರಿಸ್ಟಿನ್ ಲಾಟರ್ ಜೊತೆ ಸೇರಿ ಇದೇ ಶೇಷದ ದಾರಿಯಲ್ಲಿ 5000 ದಾಟಿದ ಅವಿಭಾಜ್ಯ ಸಂಖ್ಯೆಗಳ ಬಹುಪದೋಕ್ತಿಗಳನ್ನೂ ಕಟ್ಟಿದರು.