ಬಾಂಗ್ಲಾದ ಕುಲುಮೆಗೆ ಏನು ಬೇಕು?

ಬಾಂಗ್ಲಾದೇಶದಲ್ಲಿ ನಡೆಯುವ ಕಬ್ಬಿಣದ ಅದಿರಿನ ಗಣಿ ಒಂದೂ ಇಲ್ಲ. ಆದರೂ 2022ರಲ್ಲಿ ಉದ್ಘಾಟನೆಯಾದ ಪದ್ಮಾ ಸೇತುವೆಯಂಥ ದೊಡ್ಡ ಕಾಮಗಾರಿಗೂ ಅಲ್ಲಿನ ಕಾರ್ಖಾನೆಗಳ ಉಕ್ಕಿನ ಕಂಬಿ ಹೋಗಿದೆ. ನಮ್ಮ ರಫ್ತುದಾರರು ಆ ದೇಶವನ್ನು ಕಂಬಿ ಮಾರುವ ಜಾಗ ಅಂತ ನೋಡಿದರೆ ಲಾಭವಿಲ್ಲ. ಕಂಬಿಯನ್ನು ಅವರೇ ಮಾಡಿಕೊಳ್ಳುತ್ತಾರೆ, ಹೊರಗಿನಿಂದ ಬರುವ ಕಂಬಿಗೆ ಜಾಸ್ತಿ ಸುಂಕವನ್ನೂ ಹಾಕುತ್ತಾರೆ. ಅವರ ಉಕ್ಕಿನ ಕುಲುಮೆಯೊಳಗೆ ಏನು ಹೋಗುತ್ತದೆ, ಅದರಲ್ಲಿ ನಾವು ಏನು ಮಾರಬಹುದು ಎಂದು ನೋಡಬೇಕು.

ಈ ಉದ್ಯಮ ಬೆಳೆದ ದಾರಿಯೇ ಬೇರೆ. 1960ರ ಚಂಡಮಾರುತದಲ್ಲಿ ಎಂ.ಡಿ. ಆಲ್ಪೈನ್ ಎಂಬ ಗ್ರೀಕ್ ಹಡಗು ಚಿತ್ತಗಾಂಗ್ ಹತ್ತಿರದ ಸೀತಾಕುಂಡದ ದಡಕ್ಕೆ ಬಂದು ಸಿಕ್ಕಿಕೊಂಡಿತು. ಅದನ್ನು ಮತ್ತೆ ನೀರಿಗಿಳಿಸಲು ಆಗಲಿಲ್ಲ. ಕೆಲವು ವರ್ಷಗಳ ನಂತರ ಅಲ್ಲಿನವರೇ ಅದನ್ನು ಕೊಂಡು ಒಡೆದರು. 1971ರ ಯುದ್ಧದಲ್ಲಿ ಹಾನಿಯಾದ ಅಲ್ ಅಬ್ಬಾಸ್ ಹಡಗಿನದೂ ಇದೇ ಕತೆ. 1980ರ ದಶಕದ ಹೊತ್ತಿಗೆ ಆ ದಡದುದ್ದಕ್ಕೂ ಹಡಗು ಒಡೆಯುವ ಅಂಗಳಗಳು ಎದ್ದವು. ಬರಿಗಾಲಲ್ಲಿ ಕೆಸರಿಗಿಳಿದು, ಗ್ಯಾಸ್ ಕಟರ್ ಹಿಡಿದು ದುಡಿದ ಎಷ್ಟೋ ಜನ ಅಲ್ಲೇ ಪ್ರಾಣ ಬಿಟ್ಟರು. ಆ ದೇಶದ ಉಕ್ಕಿನ ಲೆಕ್ಕ ಬರೆಯುವಾಗ ಇದನ್ನು ಬಿಟ್ಟು ಬರೆಯಬಾರದು.

ಆಗ ಹಡಗಿನ ತಗಡನ್ನು ಹೆಚ್ಚಾಗಿ ಕರಗಿಸುತ್ತಿರಲಿಲ್ಲ. ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕಾಯಿಸಿ, ರೋಲಿಂಗ್ ಮಿಲ್‌ಗೆ ಕೊಟ್ಟು ಕಂಬಿ ಎಳೆಯುತ್ತಿದ್ದರು. ಅಗ್ಗವೇನೋ ಆಗುತ್ತಿತ್ತು, ಆದರೆ ಒಂದೊಂದು ಕಂಬಿಯ ಬಲ ಒಂದೊಂದು ಥರ. ಜಪಾನಿನ ನೆರವಿನಿಂದ 1967ರಲ್ಲಿ ಶುರುವಾಗಿದ್ದ ಸರ್ಕಾರಿ ಚಿತ್ತಗಾಂಗ್ ಸ್ಟೀಲ್ ಮಿಲ್ಸ್ ನಷ್ಟದಲ್ಲಿ ನರಳಿ 1999ರಲ್ಲಿ ಮುಚ್ಚಿತು. ಉಕ್ಕಿನ ಉದ್ಯಮ ಖಾಸಗಿಯವರ ಕೈಗೆ ಹೋಯಿತು. ಬಿಎಸ್‌ಆರ್‌ಎಂ, ಅಬುಲ್ ಖೈರ್, ಕೆಎಸ್‌ಆರ್‌ಎಂ, ಜಿಪಿಎಚ್ ಥರದ ಕಂಪನಿಗಳು ಗುಜರಿ ಕರಗಿಸಿ ತಾವೇ ಬಿಲ್ಲೆಟ್, ಅಂದರೆ ಕಂಬಿ ಎಳೆಯುವ ಉಕ್ಕಿನ ದಿಮ್ಮಿ, ಎರಕ ಹೊಯ್ಯತೊಡಗಿದವು.

ನಮಗೆ ಬಾಗಿಲು ತೆರೆದದ್ದು ಇಲ್ಲಿ. ಗುಜರಿಯ ಜೊತೆ ಮೋಟಾರಿನ ತಾಮ್ರದ ತಂತಿಯೂ ಕುಲುಮೆಗೆ ಬೀಳುತ್ತದೆ. ಉಕ್ಕಿನಲ್ಲಿ ತಾಮ್ರ ಹೆಚ್ಚಾದರೆ ಬಿಸಿಯಲ್ಲಿ ಎಳೆಯುವಾಗ ಮೈ ಬಿರಿಯುತ್ತದೆ. ಒಮ್ಮೆ ಸೇರಿದ ತಾಮ್ರವನ್ನು ತೆಗೆಯುವುದು ಬಹಳ ಕಷ್ಟ. ಅದಕ್ಕೇ ಒಂದಷ್ಟು ಸ್ಪಾಂಜ್ ಐರನ್, ಅಂದರೆ ಮೆದು ಕಬ್ಬಿಣ ಬೆರೆಸಿ ಹದ ಮಾಡುತ್ತಾರೆ. ಅದನ್ನು ಅದಿರಿನಿಂದಲೇ ಮಾಡುವುದರಿಂದ ಈ ಕಾಟ ಇಲ್ಲ. ಇದರಲ್ಲಿ ಭಾರತ ಜಗತ್ತಿನಲ್ಲೇ ಮುಂದಿದೆ. ಕರಗಿದ ಉಕ್ಕಿನ ಆಮ್ಲಜನಕ ತೆಗೆಯಲು ಸಿಲಿಕೊ ಮ್ಯಾಂಗನೀಸ್ ಎಂಬ ಮಿಶ್ರಲೋಹ ಬೇಕು. ಅದೂ ನಮ್ಮಲ್ಲಿದೆ.

ವಿದ್ಯುತ್ತಿನಿಂದ ಲೋಹ ಕರಗಿಸುವ ಇಂಡಕ್ಷನ್ ಕುಲುಮೆಯ ಒಳಪದರವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಬಿಳಿಕಲ್ಲಿನ (ಕ್ವಾರ್ಟ್ಜ್) ಪುಡಿಯನ್ನು ಒತ್ತಿ ಒತ್ತಿ ಗಟ್ಟಿ ಮಾಡಿ ಅದನ್ನು ಕಟ್ಟುತ್ತಾರೆ. ಪ್ರತಿ ಎರಕಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ತೆಳುವಾದ ಕೂಡಲೇ ಒಡೆದು ಹೊಸದಾಗಿ ಕಟ್ಟಬೇಕು. ತಡಮಾಡಿದರೆ ಕರಗಿದ ಉಕ್ಕು ಸೋರಿ ಸುತ್ತಲಿನ ನೀರು ಹರಿಯುವ ತಾಮ್ರದ ಕಾಯಿಲ್‌ಗೆ ತಗುಲುತ್ತದೆ, ಸ್ಫೋಟವೂ ಆಗಬಹುದು. ಕುಲುಮೆ ಉರಿಯುವಷ್ಟು ಕಾಲ ಈ ಪುಡಿಗೆ ಗಿರಾಕಿ ಇದ್ದೇ ಇರುತ್ತಾನೆ. ಸಣ್ಣ ಉದ್ಯಮದವರು ಕೈಹಾಕಲು ಇದಕ್ಕಿಂತ ಒಳ್ಳೆಯದು ಕಡಿಮೆ.

ಹಡಗಿನ ಗುಜರಿಯ ನಿಯಮವೂ ಬಿಗಿಯಾಗಿದೆ. ಹಡಗುಗಳನ್ನು ಸುರಕ್ಷಿತವಾಗಿ ಒಡೆಯುವ ಬಗ್ಗೆ ಬಾಂಗ್ಲಾ 2023ರಲ್ಲಿ ಒಪ್ಪಿಕೊಂಡ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್‌ನಲ್ಲಿ ಜಾರಿಗೆ ಬಂತು. ಕಾರ್ಮಿಕರ ಜೀವಕ್ಕೆ ಇದು ಬೇಕೇ ಬೇಕಿತ್ತು. ಎಲ್ಲ ಅಂಗಳಗಳೂ ಈ ಮಟ್ಟಕ್ಕೆ ಏರಲಾರವು, ಹಾಗಾಗಿ ಹೊರಗಿನ ಕಚ್ಚಾಮಾಲಿನ ಮೇಲಿನ ಅವಲಂಬನೆ ಹೆಚ್ಚುತ್ತದೆ ಅಂತ ನನ್ನ ಅಂದಾಜು.

ಬಳ್ಳಾರಿ, ಕೊಪ್ಪಳದಲ್ಲಿ ಮೆದು ಕಬ್ಬಿಣದ ಕಾರ್ಖಾನೆಗಳು ಬೇಕಾದಷ್ಟಿವೆ. ಆದರೆ ಒಡಿಶಾ, ಜಾರ್ಖಂಡ್, ಬಂಗಾಳದವರಿಗೆ ಹಲ್ದಿಯಾ ಬಂದರು ಹತ್ತಿರ. ನಮ್ಮವರ ಸಾಗಣೆ ಖರ್ಚು ಜಾಸ್ತಿ ಬೀಳುತ್ತದೆ, ಲೆಕ್ಕ ಹಾಕದೆ ಸುಮ್ನೆ ಇಳಿಯಬಾರದು. ಹಣ ಬರುವುದರ ಬಗ್ಗೆಯೂ ಎಚ್ಚರ ಬೇಕು. 2022ರಿಂದ ಅಲ್ಲಿ ಡಾಲರ್ ಕೊರತೆಯಾಗಿ, ಹಣ ಕೊಡುವ ಬಗ್ಗೆ ಬ್ಯಾಂಕ್ ಬರೆದುಕೊಡುವ ಭರವಸೆ ಪತ್ರ ಅಂದರೆ ಎಲ್‌ಸಿ ತೆರೆಯುವುದೇ ಕಷ್ಟವಾಗಿತ್ತು. 2024ರಲ್ಲಿ ಸರ್ಕಾರ ಉರುಳಿದ ಮೇಲೆ ಕಾಮಗಾರಿಗಳು ನಿಧಾನವಾಗಿ ಕಂಬಿಯ ಬೇಡಿಕೆಯೂ ಇಳಿಯಿತು. ಹಾಗಾಗಿ ಮೊದಲ ಸರಕು ಕಳಿಸುವವರು ನಮ್ಮ ಕಡೆಯ ಬ್ಯಾಂಕ್ ಖಾತರಿ ಕೊಟ್ಟ ಎಲ್‌ಸಿ ಕೈಗೆ ಬರುವ ತನಕ ಲಾರಿಗೆ ಲೋಡ್ ಮಾಡಬಾರದು.