ಶುರು ಮಾಡಿದ್ದು ಎಷ್ಟನೇ ವಯಸ್ಸಿಗೆ?

ಬಾಯಿಹುಣ್ಣು ತೋರಿಸಲು ಬಂದವರಿಗೆ ನಾನು ಮೊದಲು ಕೇಳುವುದು ಇದನ್ನೇ. ದಿನಕ್ಕೆ ಎಷ್ಟು ಸೇದ್ತೀರಿ ಅಂದರೆ ಅರ್ಧಕ್ಕರ್ಧ ಇಳಿಸಿ ಹೇಳುತ್ತಾರೆ. ವಯಸ್ಸು ಕೇಳಿದರೆ ಮಾತ್ರ ನಿಜ ಹೊರಬೀಳುತ್ತದೆ. ‘ಗ್ಯಾರೇಜಿಗೆ ಸೇರಿದ ವರ್ಷ ಡಾಕ್ಟ್ರೇ, ಹನ್ನೆರಡೋ ಹದಿಮೂರೋ ಇರ್ಬೇಕು’ ಎಂದರು ಹೋದ ವರ್ಷ ಬಂದಿದ್ದ ಒಬ್ಬ ಮೆಕ್ಯಾನಿಕ್. ಇಂಥ ಉತ್ತರ ಕೇಳಿದಾಗಲೆಲ್ಲ ನನಗೆ ಜ್ಯಾಕ್ ವೈಲ್ಡ್ ನೆನಪಾಗುತ್ತಾನೆ.

1968ರ ‘ಆಲಿವರ್!’ ಚಿತ್ರ ನೋಡಿದವರು ಅವನನ್ನು ಮರೆತಿರಲಾರರು. ಜೇಬುಗಳ್ಳ ಹುಡುಗರ ಗುಂಪಿನ ಚೂಟಿ ಡಾಡ್ಜರ್ ಅವನೇ. ಮೈಗೆ ದೊಡ್ಡದಾದ ಕೋಟು, ತಲೆ ಮೇಲೆ ಎತ್ತರದ ಟೋಪಿ, ಮುಖದಲ್ಲಿ ತುಂಟನಗು. ಹುಟ್ಟಿದ್ದು 1952ರಲ್ಲಿ, ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ರಾಯ್ಟನ್‌ನಲ್ಲಿ. ಮನೆಯವರು ಲಂಡನ್ ಕಡೆಗೆ ಬಂದ ಮೇಲೆ ಅಣ್ಣನ ಜೊತೆ ಪಾರ್ಕಿನಲ್ಲಿ ಫುಟ್‌ಬಾಲ್ ಆಡುತ್ತಿದ್ದಾಗ ಜೂನ್ ಕಾಲಿನ್ಸ್ ಎಂಬ ಏಜೆಂಟರ ಕಣ್ಣಿಗೆ ಬಿದ್ದ. ಗಾಯಕ ಫಿಲ್ ಕಾಲಿನ್ಸ್‌ನ ತಾಯಿ ಆಕೆ. ಆಮೇಲೆ ನಾಟಕ, ಸಿನಿಮಾ. 16ನೇ ವಯಸ್ಸಿಗೆ ಪೋಷಕ ನಟನಾಗಿ ಆಸ್ಕರ್ ನಾಮನಿರ್ದೇಶನ. 1969ರಲ್ಲಿ ಅಮೆರಿಕದ ಮಕ್ಕಳ ಟಿವಿ ಸರಣಿ ‘ಎಚ್.ಆರ್. ಪಫನ್‌ಸ್ಟಫ್’ನಲ್ಲಿ ಮುಖ್ಯಪಾತ್ರ.

ಸಿಗರೇಟು ಕೈಗೆ ಬಂದಿದ್ದು ಸುಮಾರು ಹನ್ನೆರಡರಲ್ಲಿ. ಇಪ್ಪತ್ತರ ಆಸುಪಾಸಿಗೆಲ್ಲ ಕುಡಿತ ಚಟವಾಗಿತ್ತು. ದುಡಿಯುವ ಮಗುವನ್ನು ಸುತ್ತಲಿನವರು ಬಲುಬೇಗ ದೊಡ್ಡವರ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಸ್ಟುಡಿಯೋ ಆದರೇನು, ಗ್ಯಾರೇಜ್ ಆದರೇನು, ಸ್ವಂತ ಸಂಪಾದನೆಯಿರುವ ಹುಡುಗನಿಗೆ ಬೇಡ ಕಣೋ ಅನ್ನುವವರು ಕಡಿಮೆ. ನನ್ನ ಟೇಬಲ್ಲಿನೆದುರು ಕೂತವರ ಕಥೆಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ.

ಹೊಗೆ ಮತ್ತು ಹೆಂಡ ಜೊತೆಗೂಡಿದರೆ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಆಲ್ಕೋಹಾಲ್ ಬಾಯಿಯ ಒಳಪೊರೆಯನ್ನು ಸಡಿಲ ಮಾಡುತ್ತದೆ, ತಂಬಾಕಿನ ವಿಷ ಸಲೀಸಾಗಿ ಒಳಗಿಳಿಯುತ್ತದೆ. ಆಲ್ಕೋಹಾಲ್ ಒಡೆದು ಹುಟ್ಟುವ ಅಸಿಟಾಲ್ಡಿಹೈಡ್ ಜೀವಕೋಶದ ಡಿಎನ್‌ಎಯನ್ನೇ ಕೆಡಿಸುತ್ತದೆ. ಬಿಟ್ಟರೆ ಅಪಾಯ ಇಳಿಯುವುದು ಖಂಡಿತ, ಆದರೆ ವರ್ಷಗಟ್ಟಲೆ ಹಿಡಿಯುತ್ತದೆ. ವೈಲ್ಡ್ 1989ರಲ್ಲಿ ಕುಡಿತ ಬಿಟ್ಟ. ಅದು ಸಣ್ಣ ಗೆಲುವಲ್ಲ. 1991ರಲ್ಲಿ ‘ರಾಬಿನ್ ಹುಡ್: ಪ್ರಿನ್ಸ್ ಆಫ್ ಥೀವ್ಸ್’ನ ಚಿಕ್ಕ ಪಾತ್ರದಲ್ಲಿ ತೆರೆಗೆ ಮರಳಿದ. 2000ದಲ್ಲಿ ಬಾಯಿ ಕ್ಯಾನ್ಸರ್ ಪತ್ತೆಯಾಯಿತು.

2004ರ ಶಸ್ತ್ರಚಿಕಿತ್ಸೆಯಲ್ಲಿ ನಾಲಿಗೆಯ ಭಾಗದ ಜೊತೆಗೆ ಧ್ವನಿತಂತುಗಳನ್ನೂ ತೆಗೆಯಬೇಕಾಯಿತು. ನಾಲಿಗೆಯ ಕಾಯಿಲೆಗೆ ಗಂಟಲಿಗೇಕೆ ಕತ್ತರಿ ಎಂದು ರೋಗಿಯ ಮನೆಯವರು ಕೇಳುವುದುಂಟು. ತುತ್ತು ನುಂಗುವಾಗ ನಾಲಿಗೆಯ ಬುಡ ಹಿಂದಕ್ಕೆ ಒತ್ತುತ್ತದೆ, ಧ್ವನಿಪೆಟ್ಟಿಗೆ ಮೇಲೆದ್ದು ಉಸಿರ್ನಾಳ ಮುಚ್ಚಿಕೊಳ್ಳುತ್ತದೆ. ಆ ಬುಡವೇ ಹೋದರೆ ಗಂಜಿಯೂ ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಾಗಿ ಕೆಲವರಿಗೆ ಧ್ವನಿಪೆಟ್ಟಿಗೆಯನ್ನೂ ತೆಗೆದು, ಉಸಿರಿಗೆ ಕತ್ತಿನ ಮುಂಭಾಗದಲ್ಲಿ ಕಾಯಂ ದಾರಿ ಮಾಡುತ್ತೇವೆ. ಆ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುವಾಗ ಇಷ್ಟು ವರ್ಷವಾದರೂ ನನ್ನ ಗಂಟಲು ಕಟ್ಟುತ್ತದೆ.

ಹಾಡಿ ಹೆಸರಾಗಿದ್ದ ಜ್ಯಾಕ್ ಆಮೇಲೆ ತುಟಿ ಮಾತ್ರ ಅಲುಗಿಸುತ್ತಿದ್ದ. ಹೆಂಡತಿ ಕ್ಲೇರ್ ಅದನ್ನು ಓದಿ ಅವನ ಪರವಾಗಿ ಮಾತಾಡುತ್ತಿದ್ದರು. 2006ರ ಮಾರ್ಚ್ 1ರಂದು ತೀರಿಕೊಂಡಾಗ ವಯಸ್ಸು 53.

ಆ ಮೆಕ್ಯಾನಿಕ್ ಬಂದಾಗ ನಾಲಿಗೆಯ ಎಡ ಅಂಚಿನ ಹುಣ್ಣಿಗೆ ಒಂದು ತಿಂಗಳು, ಕಿರುಬೆರಳಿನ ಉಗುರಿನಷ್ಟು ಗಾತ್ರ. ನೋವಿರಲಿಲ್ಲ. ಹಲ್ಲು ತಾಗಿ ಆಗಿದ್ದಿರಬೇಕು ಅಂದುಕೊಂಡಿದ್ದರು. ಹೆಂಡತಿ ಬಲವಂತವಾಗಿ ಕರೆತಂದಿದ್ದರು. ಮೂರು ವಾರಕ್ಕೂ ಮಾಯದ ಹುಣ್ಣನ್ನು ನಾವು ಸುಮ್ಮನೆ ಬಿಡುವುದಿಲ್ಲ, ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು. ಕ್ಯಾನ್ಸರೇ ಆಗಿತ್ತು, ಆದರೆ ಮೊದಲ ಹಂತ. ಆ ಅಂಚನ್ನೂ ಕತ್ತಿನ ಗಂಟುಗಳನ್ನೂ ತೆಗೆದು ಹೊಲಿಗೆ ಹಾಕಿದೆವು. ಈಗ ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರೆ. ಹೇಗಿದ್ದೀರಿ ಅಂದರೆ ತಾವೇ ಉತ್ತರ ಕೊಡುತ್ತಾರೆ. ‘ರ’ ಬಂದಾಗ ಮಾತ್ರ ನಾಲಿಗೆ ಇನ್ನೂ ಸ್ವಲ್ಪ ತೊಡರುತ್ತದೆ.